ಬಿಟ್ಟ ಸಾಲು

ಬೀಸುವುದು ಇನ್ನೂ ಎರಡು ಸೇರಿನಷ್ಟು ಉಳಿದಿತ್ತು, ಆದರೆ ಗುರುಸಿದ್ದವ್ವನ ಕೈ ಬೀಸುಕಲ್ಲಿನ ಗೂಟದ ಮೇಲೆ ಇಟ್ಟಲ್ಲೇ ಇತ್ತು. ರೇಷನ್ನಿನ ಕೆಂಪು ಜೋಳ, ಎಷ್ಟು ಬೀಸಿದರೂ ನುಣ್ಣಗಾಗದ ಜಾತಿ; ಯುದ್ಧ ಮುಗಿದು ಎಂಟು ತಿಂಗಳಾದರೂ ಬಿಳಿಜೋಳದ ಮುಖ ಕಂಡಿರಲಿಲ್ಲ. ಪಡಸಾಲೆಯಲ್ಲಿ ಗಂಡ ಶಂಕ್ರೆಪ್ಪ ಟ್ರಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಂಗಿ ಮಡಿಸಿ ಇಡುತ್ತ, ತೆಗೆಯುತ್ತ, ಮತ್ತೆ ಮಡಿಸಿ ಇಡುತ್ತ ಇದ್ದ. ಮಧ್ಯಾಹ್ನದ ಗಾಡಿಗೆ ಹೊರಟರೆ ಗದಗಿನಲ್ಲಿ ಗಾಡಿ ಬದಲಿಸಿ ನಾಳೆ ಮುಂಜಾನೆ ಧಾರವಾಡ ಮುಟ್ಟಬೇಕು, ನಾಡಿದ್ದು ಮ್ಯಾಟ್ರಿಕ್ಕಿನ ಇಂಗ್ಲಿಷ್ ಪೇಪರು. ಉಳಿದ ವಿಷಯಗಳನ್ನು ಅವನು ಎಂದೋ ದಾಟಿದ್ದ. ಇಂಗ್ಲಿಷು ಮಾತ್ರ ಎರಡು ಸಲ ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ವಾಪಸು ಕಳಿಸಿತ್ತು. ಇದು ಮೂರನೆಯದು, ಕಡೆಯದು. ಯುದ್ಧದ ಕಾಲದಲ್ಲಿ ರೇಷನ್ ಕಚೇರಿಗೆ ಕೈಗೆ ಸಿಕ್ಕವರನ್ನೆಲ್ಲ ಕಾರಕೂನರನ್ನಾಗಿ ತೆಗೆದುಕೊಂಡಿದ್ದರು. ಈಗ ದೊಡ್ಡ ಸಾಹೇಬರು ಮ್ಯಾಟ್ರಿಕ್ ಆದವರನ್ನು ಇಟ್ಟುಕೊಂಡು ಆಗದವರನ್ನು ಜೂನಿನಲ್ಲಿ ಮನೆಗೆ ಕಳಿಸುತ್ತೇವೆಂದು ಹಲಗೆಗೆ ಕಾಗದ ಹಚ್ಚಿದ್ದರು. ಮನೆ ಎಂದರೆ ಯಾವ ಮನೆ? ಜೈನಾಪುರದ ಹೊಲ ಅಣ್ಣನ ಪಾಲಿಗೆ ಹೋಗಿತ್ತು. ಪಾಲಾಗುವ ದಿನ ಅವಳ ಮಾವ ರೇವಪ್ಪ ಪಂಚರ ಮುಂದೆ, "ದೊಡ್ಡಾಂವಗ ಹೊಲ, ಸಣ್ಣಾಂವಗ ಸಾಲಿ" ಎಂದು ಎರಡೇ ಮಾತಿನಲ್ಲಿ ಮುಗಿಸಿದ್ದ. ಹೊಲ ಇದ್ದಲ್ಲಿಯೇ ಇತ್ತು. ಸಾಲಿ ಎಂಬ ಓದು ಈ ಜೋರಾಪುರ ಪೇಟೆಯ ಒಂದೂವರೆ ಕೋಣೆಯಲ್ಲಿ, ಟ್ರಂಕಿನ ಮೇಲಿನ, ಪದ ಬರೆದುಕೊಂಡ ಒಂದು ವಹಿಯಲ್ಲಿ ಇತ್ತು.

"ಕಲ್ಲು ಯಾಕ ನಿಂತ್ತು? ಬೀಸು, ಬೀಸು. ನೀ ಬೀಸಿದ್ರನ ನನಗ ನೆನಪಾಗೂದು," ಎಂದ ಶಂಕ್ರೆಪ್ಪ. ಮೊದಲು ಪದ, ಒಂದು ಸುತ್ತು ಕಲ್ಲು, ಆಮೇಲೆ ಅರ್ಥ. ಒಂದೂವರೆ ವರ್ಷದಿಂದ ಹೀಗೇ. ಅವನು ಕೂಗಬೇಕು, ಅವಳು ಬೀಸುತ್ತ ತಿರುಗಿ ಹೇಳಬೇಕು. ಮರುದಿನ ಅವಳು ಕೂಗಬೇಕು, ಅವನು ಹೇಳಬೇಕು. ಮದುವೆಯಾಗಿ ಬಂದಾಗ ಅವಳಿಗೆ ಅವ್ವ ಕಲಿಸಿದ ಬೀಸುವ ಹಾಡು ಇಪ್ಪತ್ತೋ ಮೂವತ್ತೋ ಬರುತ್ತಿದ್ದವು. ಈಗ ಒಂದೂ ಪೂರ್ತಿ ಬರುತ್ತಿರಲಿಲ್ಲ. ಆ ಜಾಗದಲ್ಲೆಲ್ಲ ಇಂಗ್ಲಿಷಿನ ನಾನೂರು ಪದ ಬಂದು ಕೂತಿದ್ದವು, ಜೋಡಿ ಜೋಡಿಯಾಗಿ, ಲಗ್ನದ ಮನೆಯ ಗಂಡಹೆಂಡಿರ ಹಾಗೆ.

"ಅಬೆಟ್."

ಕಲ್ಲು ಗರಗರ ತಿರುಗಿತು. "ಕುಮ್ಮಕ್ಕು ಕೊಡು."

"ಅಭಾರ್."

"ಹೇಸು."

"ಅಡಮಂಟ್."

"ಜಗ್ಗದವ." ಇವೆಲ್ಲ ಸರಿ. ಇವು ತಮ್ಮ ತಮ್ಮ ಗಂಡಂದಿರ ಹತ್ತಿರವೇ ಇದ್ದವು. ಅವಳಿಗೆ ಗೊತ್ತಿತ್ತು, ಮೊದಲಿನ ಅರವತ್ತು ಪದ ಸರಿ. ಎ ಸರಿ, ಬಿ ಸರಿ, ಸಿ ಒಂದಷ್ಟು ದೂರ ಸರಿ. ಆಮೇಲೆ ಆ ಪದ ಬರುತ್ತದೆ. ಆ ಪದ ಬರುವುದರೊಳಗೆ ಹೇಳಿಬಿಡಬೇಕು. ನಿನ್ನೆಯೂ ಹೀಗೇ ಅಂದುಕೊಂಡಿದ್ದಳು, ಮೊನ್ನೆಯೂ. ನಿನ್ನೆ ಆ ಪದ ಬಂದಾಗ ಬಾಯಿ ತನ್ನಷ್ಟಕ್ಕೆ ತಾನೇ ತಪ್ಪು ಅರ್ಥ ಹೇಳಿ ಮುಂದೆ ಓಡಿತ್ತು, ಮತ್ತು ಶಂಕ್ರೆಪ್ಪ ಸಂತೋಷದಿಂದ, "ನನ್ನಕ್ಕಿಂತ ನೀನ ಪಾಸಾಗ್ತಿ ನೋಡ್ಲೇ," ಎಂದಿದ್ದ.

ಮೊನ್ನೆ ಅವಳು ಬಸಗೊಂಡಪ್ಪ ವಕೀಲರ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದಳು. ವಕೀಲರ ಮನೆಯವರೊಡನೆ ಅಷ್ಟು ಸಲಿಗೆ ಇತ್ತು; ಈ ಪದಗಳ ವಹಿಯೂ ಮೂಲದಲ್ಲಿ ವಕೀಲರದೇ, ಅವರು ಮ್ಯಾಟ್ರಿಕ್ಕಿಗೆ ಓದುವಾಗ ಬರೆದುಕೊಂಡದ್ದು. ಹೊರಗೆ ಟಾಂಗಾದ ಬುಡ್ಡೇಸಾಬ ತಡಮಾಡಿ ಬಂದು ನಿಂತಿದ್ದ. ವಕೀಲರು ಕೋಟು ಏರಿಸುತ್ತ ಅವನಿಗೆ, "ಇಂಡೊಲೆಂಟ್! ಇಂಡೊಲೆಂಟ್ ಮನಶ್ಯಾ!" ಎಂದು ಕೂಗಿದರು. ಗುರುಸಿದ್ದವ್ವನಿಗೆ ಮೈ ಝುಮ್ಮೆಂದಿತು. ಸಂತೆಯಲ್ಲಿ ತವರೂರ ಮುಖ ಕಂಡ ಹಾಗೆ. ಅದು ಅವಳ ಪದ, ಅವಳ ಕಲ್ಲಿನ ಪದ. ತಡೆಯಲಾರದೆ ವಕೀಲರ ಹೆಂಡತಿ ನೀಲಾಬಾಯಿಗೆ, "ಸಾಹೇಬ್ರು ಬುಡ್ಡೇಸಾಬಗ ಎಷ್ಟ ದೊಡ್ಡ ಮಾತ ಅಂದ್ರರಿ ಅಕ್ಕಾರ! ಯಾರಿಗೂ ಸೋಲದಾಂವ ಅಂದ್ರಲ್ಲ!" ಎಂದಳು. ನೀಲಾಬಾಯಿ ಪುಣೆಯ ಕಡೆ ನಾಲ್ಕು ವರ್ಷ ಇಂಗ್ಲಿಷ್ ಸಾಲಿ ಕಲಿತವಳು. ಒಂದು ಗಳಿಗೆ ಅರ್ಥವಾಗದೆ ನೋಡಿದಳು, ಆಮೇಲೆ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗಲು ಹತ್ತಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಸೋಲದಾಂವ ಅಲ್ಲ ಬೇ, ಮೈಗಳ್ಳ! ಸೋಮಾರಿ! ಯಾರ ಹೇಳಿದ್ರ ನಿನಗ ಹಂಗಂತ?" ಶಾವಿಗೆಗೆ ಕೂತಿದ್ದ ಉಳಿದ ಹೆಂಗಸರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಆದರೂ ಅವರೂ ನಕ್ಕರು. "ಕಾರಕೂನನ ಹೇಣ್ತಿ ಅಲ್ಲನ, ಇಂಗ್ಲೀಷನ ಹೊಸೀತಾಳ," ಎಂದಳು ರಹಿಮಾಬಿ. ಗುರುಸಿದ್ದವ್ವನೂ ನಕ್ಕಳು. ನಗುತ್ತಲೇ ಎಳೆ ಹೊಸೆದಳು, ಎಳೆ ಹರಿಯಿತು, ಮತ್ತೆ ಹೊಸೆದಳು. ಒಳಗೆ ಕಲ್ಲು ತಿರುಗುತ್ತಿತ್ತು. ಸೋಮಾರಿ ಎಂಬುದು ಅವಳ ಪಟ್ಟಿಯಲ್ಲಿ ಇತ್ತು, ಇಲ್ಲವೆಂದಲ್ಲ. ಅದು ಇಂಡೊಲೆಂಟ್‌ನ ಮೇಲಿನ ಪದದ ಮುಂದೆ ಇತ್ತು. ಇಂಡಿಜೆಂಟ್, ಸೋಮಾರಿ. ಇಂಡೊಲೆಂಟ್, ಸೋಲದವ. ಹೆದರುತ್ತ ಕೇಳಿದಳು, "ಅಕ್ಕಾರ, ಇಂಡಿಜೆಂಟ್ ಅಂದ್ರ?" ನೀಲಾಬಾಯಿ ಕಣ್ಣೊರೆಸಿಕೊಳ್ಳುತ್ತ, "ಬಡವ. ಗತಿ ಇಲ್ಲದಾಂವ," ಎಂದಳು. ಬಡವ ಅವಳ ಪಟ್ಟಿಯಲ್ಲಿ ಅದರ ಮೇಲಿನ ಪದದ ಮುಂದೆ ಇದ್ದ. ಹೀಗೆ ಒಬ್ಬೊಬ್ಬರೂ ಒಂದೊಂದು ಮನೆ ಹಿಂದೆ, ಪಕ್ಕದವರ ಮನೆಯಲ್ಲಿ ಸಂಸಾರ ಹೂಡಿ ಕೂತಿದ್ದರು. ಸಾಲು ಎಲ್ಲಿಂದ ತಪ್ಪಿತೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಅದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು.

"ಬ್ರೆವಿಟಿ."

"ಚುಟುಕು."

ವಕೀಲರು ಆ ವಹಿಯನ್ನು ಒಂದೇ ದಿನಕ್ಕೆಂದು ಕೊಟ್ಟಿದ್ದರು. ಅದರಲ್ಲಿ ಒಂದು ಮಗ್ಗುಲಿನ ಹಾಳೆಯಲ್ಲಿ ಬರೀ ಇಂಗ್ಲಿಷ್ ಪದ, ಎದುರಿನ ಹಾಳೆಯಲ್ಲಿ ಬರೀ ಕನ್ನಡ ಅರ್ಥ. ಒಂದನ್ನು ಮುಚ್ಚಿ ಒಂದನ್ನು ಪರೀಕ್ಷಿಸಿಕೊಳ್ಳುವುದಕ್ಕೆ ಹಾಗೆ. ಶಂಕ್ರೆಪ್ಪ ಮುಂಜಾನೆಯಿಂದ ಇಂಗ್ಲಿಷ್ ಪದಗಳನ್ನೆಲ್ಲ ತನ್ನ ವಹಿಗೆ ಇಳಿಸಿ, ಬೆರಳು ಸೆಟೆದು ಹೋಗಿ, "ನೀ ಸಾಲಿ ಕಲತಾಕಿ ಅಲ್ಲನು? ಅರ್ಥ ಓದು, ನಾ ಬರಕೋತ ಹೋಗ್ತೀನಿ," ಎಂದಿದ್ದ. ಆ ಮಾತಿಗೆ ಅವಳು ಎಷ್ಟು ಉಬ್ಬಿದ್ದಳು! ಕಳ್ಳಕವಟಗಿಯ ಗುಡಿಯ ಪೌಳಿಯಲ್ಲಿ ಎರಡನೇ ಇಯತ್ತೆವರೆಗೆ ಕೂತವಳು. ಕೂತದ್ದಕ್ಕಿಂತ ತಮ್ಮನನ್ನು ಎತ್ತಿಕೊಂಡು ನಿಂತದ್ದೇ ಹೆಚ್ಚು. ಅಕ್ಷರಕ್ಕೆ ಅದರದೇ ಒತ್ತು ದಾಟಿ ಬೇರೆ ಅಕ್ಷರದ ಒತ್ತು ಬರುವ ಹೊತ್ತಿಗೆ ಹತ್ತಿ ಬಿಡಿಸಲು ಕರೆದುಕೊಂಡು ಹೋಗಿದ್ದರು, ಆಮೇಲೆ ಯಾರೂ ವಾಪಸು ಕಳಿಸಲಿಲ್ಲ. ಶಂಕ್ರೆಪ್ಪ ಮಾತ್ರ ಕಚೇರಿಯಲ್ಲಿ, ವಕೀಲರ ಮುಂದೆ, ಜೈನಾಪುರದ ಕಟ್ಟೆಯ ಮೇಲೆ, "ನಮ್ಮನಿಯಾಕಿ ಓದ್ತಾಳ, ಬರೀತಾಳ," ಎಂದು ಹೇಳಿಕೊಂಡು ತಿರುಗುತ್ತಿದ್ದ. ಅದನ್ನು ಸುಳ್ಳು ಮಾಡಬಾರದೆಂದು ಅವಳು ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು. ಅರವತ್ತರತನಕ ಹೇಗೋ ಸಾಗಿತು. ಆಮೇಲೆ 'ಆತ್ಮತೃಪ್ತ' ಎಂಬುದು ಬಂತು. ಆ, ತ, ಮ, ಮತ್ತೆ ತ... ನಾಲಿಗೆ ಕಲ್ಲಿಗೆ ಎಡವಿದ ಎತ್ತಿನ ಹಾಗೆ ಮುಗ್ಗರಿಸಿತು. ಅವನು ಲೇಖನಿ ಎತ್ತಿ ಹಿಡಿದು ಕಾದ, ಕಾದ, ವಹಿ ಕಿತ್ತುಕೊಂಡು ನೋಡಿ ಬರೆದುಕೊಂಡ. "ಇಷ್ಟೂ ಬರಾಂಗಿಲ್ಲೇನ ನಿನಗ? ಎರಡನೇ ಇಯತ್ತೆ ಅಂದಿ?" ಸಿಟ್ಟಿನ ಮಾತೇನಲ್ಲ, ದಣಿದವನ ಮಾತು. ವಹಿ ಮತ್ತೆ ಅವಳ ಕೈಗೆ ಬಂತು. ಮುಂದಿನ ಸಾಲಿನ ಅಕ್ಷರ ಇನ್ನೂ ಭಯಂಕರವಾಗಿತ್ತು. 'ಪ' ಇತ್ತು, ಅದರ ಮುಂದೆ ಎಂಥದೋ ಒಂದು 'ಶ', ಅದರ ಹೊಟ್ಟೆಯ ಕೆಳಗೆ ಬಾವಲಿ ಜೋತುಬಿದ್ದ ಹಾಗೆ ಇನ್ನೊಂದಕ್ಷರ, ಮುಂದೆ ಮತ್ತೊಂದು ಒತ್ತು. ಅವಳು ಅದನ್ನು ನೋಡಿದಳು. ಗಂಡನ ಬಗ್ಗಿದ ತಲೆ ನೋಡಿದಳು. ಬೆರಳನ್ನು ಒಂದು ಸಾಲು ಕೆಳಗೆ ಇಳಿಸಿ, ದೊಡ್ಡ ದನಿಯಲ್ಲಿ, "ಮುಚ್ಚಿಡು," ಎಂದು ಓದಿದಳು. "ಹಾಂ, ಹಂಗ. ಮುಂದ?" ಎಂದ ಅವನು.

ಅವಳು ಒಕ್ಕಲಿಗರ ಮಗಳು. ಬಿತ್ತುವಾಗ ಕೂರಿಗೆಯ ಒಂದು ಕೊಳವೆಯಲ್ಲಿ ಮಣ್ಣು ಕಟ್ಟಿದರೆ ಆ ಒಂದು ಸಾಲು ಹುಟ್ಟುವುದಿಲ್ಲ, ಅಷ್ಟೇ. ಮಗ್ಗುಲಿನ ಸಾಲುಗಳು ತಮ್ಮ ಪಾಡಿಗೆ ತಾವು ಏಳುತ್ತವೆ. ನಾನೂರರಲ್ಲಿ ಒಂದು ಹೋದರೆ ಒಂದೇ ಹೋಯಿತು, ಎಂದು ಅವಳು ತಿಳಿದಿದ್ದಳು. ಅಕ್ಷರದ ಹೊಲ ಹಾಗಲ್ಲ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಕಡೆಗೆ ಝೀಲ್ ಎಂಬ ಪದ ಅರ್ಥವಿಲ್ಲದೆ ಒಂಟಿಯಾಗಿ ಉಳಿದಾಗ ಶಂಕ್ರೆಪ್ಪ, "ವಕೀಲರು ಇದನ್ನ ಬರಿಯೂದು ಮರತಾರ, ಇದು ನನಗ ಗೊತ್ತೈತಿ," ಎಂದು 'ಉತ್ಸಾಹ' ಎಂದು ತಾನೇ ತುಂಬಿದ್ದ. ಆಗೊಮ್ಮೆ ಈಗೊಮ್ಮೆ ಯಾವುದೋ ಪದ ಅವನಿಗೆ ವಿಚಿತ್ರವೆನಿಸಿದ್ದೂ ಉಂಟು. ಹುಬ್ಬು ಗಂಟಿಕ್ಕಿ ಕೂತು, ಆಮೇಲೆ ತಾನೇ ತಲೆ ಅಲ್ಲಾಡಿಸಿ, "ಇಂಗ್ಲೀಷಿನ್ಯಾಗ ಒಂದಕ್ಕ ಹತ್ತ ಅರ್ಥ ಇರ್ತಾವ. ವಕೀಲರಿಗಿಂತ ನಾ ಶಾಣ್ಯಾನೇನು?" ಎನ್ನುತ್ತಿದ್ದ.

ಹೋದ ವರ್ಷದ ಪರೀಕ್ಷೆಯಲ್ಲಿ ನಿಬಂಧಕ್ಕೆ 'ನಾನು ಮೆಚ್ಚುವ ಮನುಷ್ಯ' ಎಂದು ಬಂದಿತ್ತಂತೆ. ಅವನು ಅಪ್ಪನ ಮೇಲೆ ಬರೆದಿದ್ದ. ಧಾರವಾಡದಿಂದ ಬಂದ ದಿನವೇ ಅವಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಬಲೇಶ್ವರಕ್ಕೆ, ಅಲ್ಲಿಂದ ನಡೆದು ಜೈನಾಪುರಕ್ಕೆ ಹೋಗಿ, ದನದ ಹಗ್ಗ ಹೊಸೆಯುತ್ತ ಕೂತಿದ್ದ ರೇವಪ್ಪನ ಮುಂದೆ ನಿಂತು ಹೇಳಿದ್ದ: "ಯಪ್ಪಾ, ನಿನ್ನ ಮ್ಯಾಲ ಇಂಗ್ಲೀಷಿನ್ಯಾಗ ಬರದ ಬಂದೇನಿ. ನೀ ಇಂಡೊಲೆಂಟ್ ಒಕ್ಕಲಿಗ ಅಂತ."

"ಹಂಗಂದ್ರ?"

"ಯಾರಿಗೂ ಸೋಲದಾಂವ."

ಮುದುಕ ಹಗ್ಗದ ತುದಿ ಹಲ್ಲಲ್ಲಿ ಕಚ್ಚಿ ಬಿಗಿದ. ಆಮೇಲೆ, "ಧಾರವಾಡದ ಸಾಹೇಬ್ರು ಅದನ್ನ ಓದತಾರ?" ಎಂದು ಕೇಳಿದ. ಓದುತ್ತಾರೆ ಎಂದ ಮಗ. ಅವತ್ತಿನಿಂದ ರೇವಪ್ಪ ಕಟ್ಟೆಗೆ ಹೋದರೆ, "ನಾ ಇಂಡೊಲೆಂಟ್ ಅದೀನೋ, ಸರಕಾರದಾಗ ಬರದಾರ," ಎನ್ನುತ್ತಿದ್ದ. ಊರವರು ಅವನ ಹೆಸರನ್ನೇ ಹಾಗೆ ಮಾಡಿದರು. ಐವತ್ತು ವರ್ಷ ಎತ್ತಿನ ಬೆನ್ನು ಬಿಡದವನು, ಜ್ವರವಿದ್ದಾಗಲೂ ಕೈಯಲ್ಲಿ ಕಳೆ ತೆಗೆಯುವ ಕುರುಪಿ ಹಿಡಿದವನು. ಕಾರ್ತಿಕದಲ್ಲಿ ಮಲಗಿದವನು ಏಳಲಿಲ್ಲ. ಮಗನಿಗೆ ಇಂಗ್ಲಿಷಿನಲ್ಲಿ ನೂರಕ್ಕೆ ಇಪ್ಪತ್ತೊಂಬತ್ತು ಬಂದಿತ್ತು, ಮೂವತ್ತೈದು ಬೇಕಿತ್ತು. ಆ ಆರು ಎಲ್ಲಿ ಹೋದವು ಎಂದು ಅವನು ತಿಂಗಳುಗಟ್ಟಲೆ ಹುಡುಕಿದ್ದ.

"ಕ್ಯಾಂಡಿಡ್."

"ಬಿಚ್ಚುಮನಸಿನಾಂವ."

"ಕಂಪ್ಲೇಸೆಂಟ್."

"ಆತ್ಮತೃಪ್ತ." ಈಗ ಆ ಮಾತು ಅವಳ ನಾಲಿಗೆಯ ಮೇಲೆ ಬೆಣ್ಣೆಯ ಹಾಗೆ ಜಾರುತ್ತಿತ್ತು.

"ಕಂಪಂಕ್ಷನ್."

ಕಲ್ಲು ಒಂದು ಸುತ್ತು ತಿರುಗಿತು. ಎರಡು ಸುತ್ತು. ಬಾಯಲ್ಲಿ ಮುಚ್ಚಿಡು ಎಂಬುದು ಬಂದು ನಿಂತಿತ್ತು. ಅವಳು ಹಲ್ಲು ಕಚ್ಚಿ ಹಿಡಿದಳು. "ಯಾಕ? ಇಲ್ಲಿತನಕ ಒಂದೂ ತಪ್ಪಿಲ್ಲಲ?" ಎನ್ನುತ್ತ ಶಂಕ್ರೆಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತ. ಗುರುಸಿದ್ದವ್ವ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಅಂಗೈಯಿಂದ ಸಪಾಟು ಮಾಡಿದಳು. ತೋರುಬೆರಳಿನಿಂದ ಮೊದಲು 'ಪ' ಬರೆದಳು. ಆಮೇಲೆ ಒಂದೂವರೆ ವರ್ಷದಿಂದ ಕಣ್ಣೊಳಗೆ ಜೋತುಬಿದ್ದಿದ್ದ ಆ ಬಾವಲಿಯನ್ನು, ಅದರ ಮುಂದಿನ ಒತ್ತನ್ನು, ನೆನಪಿದ್ದ ಹಾಗೆ, ಚಿತ್ರ ಬಿಡಿಸುವವಳ ಹಾಗೆ ಬಿಡಿಸಿದಳು.

"ಇದನ್ನ ಓದ್ರಿ."

ಅವನು ಬಗ್ಗಿದ. "ಇದೇನ ಬರದಿ? ಪ... ಪಶ್ಚಾತ್ತಾಪ. ಶ್ಚಾ ಸೊಟ್ಟ ಬಂದೈತಿ. ಯಾಕ?"

"ಹಂಗಂದ್ರ ಏನರಿ?"

"ತಪ್ಪ ಮಾಡಿ ಆಮ್ಯಾಲ ಒಳಗ ಮರಗೂದು. ಗಾಡಿ ಹೊತ್ತಿನ್ಯಾಗ ನಿನಗಿದ ಯಾಕ ಬೇಕಾತು?"

"ಅದು ನಮ್ಮ ವಹಿಯೊಳಗ ಎಲ್ಲೈತ್ರಿ?"

ಶಂಕ್ರೆಪ್ಪ ನೆನಪಿಸಿಕೊಂಡ. ನಾನೂರನ್ನೂ ಒಳಗೇ ಹೊರಳಿಸಿದ್ದು ಅವನ ಕಣ್ಣಿನಲ್ಲಿ ಕಂಡಿತು. "ನಮ್ಮ ವಹಿಯೊಳಗ ಅದು ಇಲ್ಲ."

"ವಕೀಲರ ವಹಿಯೊಳಗ ಇತ್ರಿ," ಎಂದಳು ಗುರುಸಿದ್ದವ್ವ. "ನನಗ ಓದಾಕ ಬರಲಿಲ್ಲ. ಅದನ್ನ ಬಿಟ್ಟು ಮುಂದಿನ ಸಾಲ ಓದಿದೆ."

ಅವನು ಒಳಗೆ ಹೋಗಿ ವಹಿ ತಂದು ಹೊಸ್ತಿಲ ಮೇಲೆ ಕೂತ. ಹೆಬ್ಬೆರಳು ಒಂದೊಂದೇ ಸಾಲಿನ ಮೇಲೆ ಇಳಿಯುತ್ತ ಹೋಯಿತು. ಬೆರಳು ಪದದ ಮೇಲೆ, ಕಣ್ಣು ಒಂದು ಸಾಲು ಮೇಲೆ. ಹಾಳೆ ತಿರುಗಿತು. ಮತ್ತೊಂದು ತಿರುಗಿತು. ಬರಬರುತ್ತ ಬೆರಳು ನಿಧಾನವಾಯಿತು. ಎಲ್ಲಿ ಬಂದಿದ್ದಾನೆ ಎಂದು ಅವಳು ಓದದೆಯೇ ತಿಳಿದಳು. ಅವನು ತಲೆ ಎತ್ತದೆ ಕೇಳಿದ, "ಇಂಡೊಲೆಂಟ್?"

"ಮೈಗಳ್ಳ ಅಂತ್ರಿ. ನೀಲಾಬಾಯಾರು ಅಂದ್ರು. ಮೊನ್ನಿ."

"ಮೊನ್ನಿ," ಎಂದ ಅವನು. ಆ ಒಂದು ಮಾತನ್ನು ಎರಡು ಸಲ ಅಂದ. ಅವಳು ಹೊಡೆತಕ್ಕೆ ಕಾದಳು. ಮದುವೆಯಾದಾಗಿನಿಂದ ಅವನು ಒಮ್ಮೆಯೂ ಹೊಡೆದವನಲ್ಲ, ಆದರೂ ಕೆನ್ನೆಯನ್ನು ಒಂದಿಷ್ಟು ಅವನ ಕಡೆಗೆ ತಿರುಗಿಸಿಯೇ ಕೂತಳು. ಹೊಡೆದರೆ ಎಲ್ಲ ಅಲ್ಲಿಗೆ ಮುಗಿಯುತ್ತದೆ ಎಂಬ ಆಸೆ. ಅವನು ಹೊಡೆಯಲಿಲ್ಲ. "ನೀರ ಕೊಡು," ಎಂದ. ಕೊಟ್ಟಳು. ಕುಡಿದು, ತಂಬಿಗೆಯ ತಳ ನೋಡುತ್ತ, "ಅವ ಕಟ್ಟಿ ಮ್ಯಾಲ ಕುಂತ ಎಲ್ಲಾರಿಗೂ ಹೇಳತಿದ್ದ," ಎಂದ. ಯಾರು ಎಂದು ಹೇಳಬೇಕಿರಲಿಲ್ಲ. ಧಾರವಾಡದಲ್ಲಿ ಯಾರೋ ಒಬ್ಬ ಸಾಹೇಬ, ಕೆಂಪು ಶಾಯಿಯವನು, ಅಪ್ಪ ಮೈಗಳ್ಳ, ಅದಕ್ಕೇ ಅವನನ್ನು ಮೆಚ್ಚುತ್ತೇನೆ ಎಂದು ಬರೆದ ಮಗನ ಹಾಳೆಯನ್ನು ಪಕ್ಕದವನಿಗೆ ತೋರಿಸಿ ನಕ್ಕಿರಬೇಕು. ನೀಲಾಬಾಯಿ ನಕ್ಕ ಹಾಗೆ, ಕೈ ಅಡ್ಡ ಹಿಡಿದು. ಗುರುಸಿದ್ದವ್ವನಿಗೆ ಆ ನಗು ಈ ಕೋಣೆಯಲ್ಲೇ ಕೇಳಿದ ಹಾಗಾಯಿತು.

"ಒಂದೊಂದ ಮನಿ ಸರಿಸಿದ್ರ ಆಗಾಂಗಿಲ್ಲೇನ್ರಿ?" ಎಂದಳು. "ಎಲ್ಲಾ ಅದಾವ. ಬರೇ ಸರೀಬೇಕು. ನಾ ಒದರ್ತೀನಿ, ನೀವ ಅನ್ರಿ. ಕನ್ಸೀಲ್."

"ಬಿಟ್ಟುಕೊಡು." ಅವನು ಕಣ್ಣು ಮುಚ್ಚಿದ. "ಅಲ್ಲ. ಮುಚ್ಚಿಡು."

"ಕನ್ಸೀಡ್."

"ಚಿಕ್ಕದಾಗಿ... ಅಲ್ಲ. ಅದರ ಮ್ಯಾಲಿಂದು. ಬಿಟ್ಟುಕೊಡು."

"ಕನ್ಸೈಸ್."

ಮೂರನೆಯದಕ್ಕೆ ಅವನು ಬಾಯಿ ತೆರೆದ, ಮುಚ್ಚಿದ. ಎರಡೂ ಅರ್ಥ ಒಟ್ಟಿಗೆ ಬಂದು, ಒಂದೇ ಬಾಗಿಲಲ್ಲಿ ಎರಡು ಎತ್ತು ಸಿಕ್ಕಿಕೊಂಡ ಹಾಗೆ, ಯಾವುದೂ ಹೊರಗೆ ಬರಲಿಲ್ಲ. ಒಂದೂವರೆ ವರ್ಷ ಕಲ್ಲಿಗೆ ಹಾಕಿ ಬೀಸಿದ್ದನ್ನು ಮತ್ತೆ ಕಾಳು ಮಾಡುವುದು ಹೇಗೆ? ಅವನು ಮೆಲ್ಲಗೆ, "ಸಾಕು ಬಿಡು," ಎಂದ. ಮೊದಲಿನ ಅರವತ್ತು ಪದಗಳಾದರೂ ಗಟ್ಟಿ ಇದ್ದವಲ್ಲ ಎಂದು ಅವಳು ಅಬೆಟ್ ಎಂದು ಕೂಗಿದಳು. ಅವನು ಅವಳನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದ. ಆ ಪದವೂ ಸರಿಯೋ ತಪ್ಪೋ ಎಂಬ ಅನುಮಾನ ಆ ಮುಖದಲ್ಲಿ ಇತ್ತು. ಇನ್ನು ಅವನಿಗೆ ಯಾವುದೂ ಸರಿಯಿರಲಿಲ್ಲ, ಸರಿಯಿದ್ದದ್ದೂ.

ಹೊರಗೆ ಗೆಜ್ಜೆ ಸಪ್ಪಳವಾಯಿತು. "ಶಂಕ್ರೆಪ್ಪಣ್ಣಾರ, ಗಾಡಿ ನಿಮ್ಮ ಮಾವಂದಲ್ಲ, ನಿಂದ್ರಾಂಗಿಲ್ಲ! ಬರ್ರಿ ಲಗೂನ!" ಎಂದು ಬುಡ್ಡೇಸಾಬ ಕೂಗಿದ. ಶಂಕ್ರೆಪ್ಪ ಎದ್ದು, ಹಣೆಗೆ ವಿಭೂತಿ ಹಚ್ಚಿಕೊಂಡು, ಟ್ರಂಕು ಎತ್ತಿಕೊಂಡ. ಹೋಗುವುದು ಬೇಡ ಎನ್ನಬಹುದಿತ್ತು, ಯಾರೂ ಅನ್ನಲಿಲ್ಲ. ಹೋಗದಿದ್ದರೆ ಕಚೇರಿಗೆ ಹೇಳಬೇಕು, ಅಣ್ಣನಿಗೆ ಹೇಳಬೇಕು, ಏಕೆ ಎಂದು ಹೇಳಬೇಕು. ವಹಿ ಹೊಸ್ತಿಲ ಮೇಲೇ ಇತ್ತು. ಅವಳು ಅದನ್ನು ಎತ್ತಿ ಕೊಡಲು ಹೋದಳು, ಕೈ ಅರ್ಧಕ್ಕೇ ನಿಂತಿತು. ಅವನೂ ಅರ್ಧ ಕೈ ಚಾಚಿ ಹಿಂದೆಗೆದ. ಆಮೇಲೆ ಅವಳೇ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟಳು.

ಟಾಂಗಾದಲ್ಲಿ ಅವನು ಹಿಂದುಮುಂದಾಗಿ, ಮನೆಯ ಕಡೆ ಮುಖ ಮಾಡಿ ಕೂತ. ಬುಡ್ಡೇಸಾಬ ಲಗಾಮು ಜಗ್ಗುವ ಮೊದಲು ಏನೋ ನೆನಪಾಗಿ ಹಿಂತಿರುಗಿದ. "ಅಣ್ಣಾರ, ಒಂದ ಮಾತ ಕೇಳ್ತೀನಿ. ನೀವು ಇಂಗ್ಲೀಷ ಎಲ್ಲಾ ಅರದ ಕುಡದೀರಿ ಅಂತಾರ. ಮೊನ್ನಿ ವಕೀಲಸಾಬ್ರು ನನಗ ಇಂಡೊಲೆಂಟ್ ಅಂದ್ರು. ಬೈಗಳೋ, ಶಾಬಾಸಕಿಯೋ ತಿಳೀಲಿಲ್ಲ. ನಮ್ಮನಿಯಾಕಿ ರಾಜಬಿ ಮುಂದ ಹೇಳಿದ್ರ ಬೈಗಳನ ಇರಬೇಕ ಅಂತಾಳ. ಅದರ ಅರ್ಥ ಏನರಿ?"

ಕುದುರೆ ಬಾಲ ಬೀಸಿತು. ಶಂಕ್ರೆಪ್ಪ ಗುರುಸಿದ್ದವ್ವನನ್ನು ನೋಡಿದ. ಬಾಗಿಲ ಚೌಕಟ್ಟು ಹಿಡಿದು ನಿಂತ ಅವಳ ಕೈಯಲ್ಲಿ ಹಿಟ್ಟು ಇನ್ನೂ ಮೆತ್ತಿಕೊಂಡಿತ್ತು.

"ಯಾರಿಗೂ ಸೋಲದಾಂವ," ಎಂದ ಶಂಕ್ರೆಪ್ಪ. "ಹಂಗ ಅಂತ ಅರ್ಥ."

"ಹೌದ?" ಬುಡ್ಡೇಸಾಬನ ಮುಖ ಅಗಲವಾಯಿತು. "ಯಾರಿಗೂ ಸೋಲದಾಂವ! ಸಂಜೀಕ ರಾಜಬಿಗೆ ಹೇಳ್ತೀನಿ ತಡೀರಿ!" ಎಂದು ಚಾಬೂಕು ಗಾಳಿಯಲ್ಲಿ ಝಳಪಿಸಿದ. ಟಾಂಗಾ ಪೇಟೆಯ ಮೂಲೆ ತಿರುಗುವವರೆಗೂ ಶಂಕ್ರೆಪ್ಪ ಇತ್ತಲೇ ನೋಡುತ್ತಿದ್ದ, ಆದರೆ ಅವಳನ್ನಲ್ಲ.

ಒಳಗೆ ಹಿಟ್ಟಿನ ಮೇಲೆ ಅವಳು ಬರೆದದ್ದು ಹಾಗೇ ಇತ್ತು, ಸೊಟ್ಟ ಶ್ಚಾದೊಡನೆ. ಗುರುಸಿದ್ದವ್ವ ಅದನ್ನು ಒರೆಸಲಿಲ್ಲ, ತುಳಿಯದಂತೆ ಸುತ್ತಿ ಬಂದು ಕಾಲು ಚಾಚಿ ಕೂತಳು. ಇನ್ನೂ ಹೆಚ್ಚುಕಡಿಮೆ ಎರಡು ಸೇರು ಉಳಿದಿತ್ತು. ಒಂದು ಹಿಡಿ ಕೆಂಪು ಜೋಳ ಕಲ್ಲಿನ ಬಾಯಿಗೆ ಹಾಕಿ ಗೂಟ ಹಿಡಿದಳು. ಅವ್ವನ ಹಾಡು ಒಂದಾದರೂ ಬರಲಿ ಎಂದು ಕಾದಳು, ಬರಲಿಲ್ಲ. ಕಂಪಂಕ್ಷನ್ ಎಂದು ತಾನೇ ಅಂದಳು. ಕಲ್ಲು ತಿರುಗಿತು. ಪಶ್ಚಾತ್ತಾಪ ಎನ್ನಬೇಕು, ಈಗ ಗೊತ್ತಿದೆ, ಓದಲೂ ಬರುತ್ತದೆ. ಆದರೆ ಆ ಉದ್ದದ ಮಾತು ಕಲ್ಲಿನ ಒಂದು ಸುತ್ತಿನಲ್ಲಿ ಹಿಡಿಸುತ್ತಿರಲಿಲ್ಲ. ಅರ್ಧಕ್ಕೇ ಕಲ್ಲು ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಮತ್ತೆ ಅಂದಳು, ಮತ್ತೆ ದಾಟಿತು. ಕೈಯಲ್ಲಿ ತಡೆಯುವ ಕಸುವು ಇರಲಿಲ್ಲ. ಮೂರನೆಯ ಸುತ್ತಿಗೆ ಬಾಯಿ ತನ್ನಷ್ಟಕ್ಕೆ ತಾನೇ ತೆರೆದು, ಕಲ್ಲಿನ ಗತ್ತಿಗೆ ಸರಿಯಾಗಿ, ಮುಚ್ಚಿಡು ಎಂದಿತು. ಕಲ್ಲು ನುಣ್ಣಗೆ ತಿರುಗಿತು.